ಹಿತ್ತಿಲ ನೆಲ್ಲಿ: ಭರಣಿಯಿಂದ ಡಬ್ಬಿಯವರೆಗೆ

ಹೈದರಾಬಾದಿನ ಕಾಚಿಗೂಡದಲ್ಲಿ, 1916ರಲ್ಲಿ ನಿಜಾಮರ ರೈಲ್ವೆ ಕಟ್ಟಿಸಿದ ನಿಲ್ದಾಣದ ಆಸುಪಾಸಿನ ಬೀದಿಗಳಲ್ಲಿ ನೆಲೆನಿಂತು, ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ತಮ್ಮ ನುಡಿಯ ಆಶ್ರಯಗಳನ್ನಾಗಿ ಮಾಡಿಕೊಂಡು, 1956ರಲ್ಲಿ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ ತರುವಾಯವೂ ಇಲ್ಲಿಯೇ ಉಳಿದ ಕನ್ನಡ ಕುಟುಂಬಗಳು ಮನೆಯೊಳಗೆ ಕಾಪಾಡಿಕೊಂಡ ವಿದ್ಯೆಗಳಲ್ಲಿ ನೆಲ್ಲಿಕಾಯಿಯನ್ನು ಸಂವತ್ಸರವಿಡೀ ಕೆಡದಂತೆ ಇರಿಸುವ ವಿದ್ಯೆಯೂ ಒಂದು. ಶೀತದೇಶಗಳ ಗೃಹಿಣಿಯರು ಹಸಿಯಾಗಿ ತಿನ್ನಲಾಗದ ಕಾಡುಸೇಬನ್ನು ಸಿರ್ಕಾದಲ್ಲಿಯೂ ಸಕ್ಕರೆಯಲ್ಲಿಯೂ ಸಂರಕ್ಷಿಸುವಂತೆ, ದಖ್ಖಣದ ಹಿತ್ತಿಲುಗಳಲ್ಲಿ ಆ ಗೌರವಕ್ಕೆ ಪಾತ್ರವಾದದ್ದು ಹುಳಿ ಒಗರುಗಳೆರಡೂ ಮಿಗಿಲಾಗಿರುವ ಈ ಪುಟ್ಟ ಫಲವೇ.

ಈ ವಿದ್ಯೆಯ ಲಿಖಿತ ಪರಂಪರೆ ನಮ್ಮಲ್ಲಿ ಅಲ್ಪವಾದುದಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನವಿದೆ, 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವು ಕಳಲೆ ನೆಲ್ಲಿಕಾಯಿಗಳ ಪಾಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ, 1594ರ ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ವರ್ಣನೆಯುಂಟೆಂದು ಆಹಾರೇತಿಹಾಸದ ವಿದ್ವಾಂಸರಾದ ಕೆ. ಟಿ. ಆಚಾಯ ಅವರು ಗುರುತಿಸಿದ್ದಾರೆ. ಶಾಸ್ತ್ರಗ್ರಂಥದಲ್ಲಿ ಮಾತ್ರವಲ್ಲದೆ ಪುರಾಣಕಾವ್ಯದಲ್ಲಿಯೂ ಉಪ್ಪಿನಕಾಯಿಗೆ ಇಷ್ಟು ವಿಸ್ತಾರವಾದ ಎಡೆ ದೊರೆತದ್ದನ್ನು ನೋಡಿದರೆ, ಅದನ್ನು ಬರಿಯ ನಂಚಿಕೆಯೆಂದು ನಮ್ಮ ಹಿರಿಯರು ಭಾವಿಸಿರಲಿಲ್ಲವೆಂದೇ ನನ್ನ ನಂಬಿಕೆ.

ಗ್ರಂಥಗಳಿಗಿಂತ ಹೆಚ್ಚಿನದನ್ನು ಉಳಿಸಿಕೊಂಡು ಬಂದದ್ದು ಸ್ತ್ರೀಯರ ಕೈ. ಉತ್ಥಾನ ದ್ವಾದಶಿಯಂದು ತುಳಸಿಯ ಬಳಿ ಕಾಯಿಸಹಿತವಾದ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವ ಹೊತ್ತಿಗೆ ಹೊಸ ಕಾಯಿ ಒದಗುವುದು. ಅದನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಲೇಶವೂ ಉಳಿಯದಂತೆ ಆರಿಸಿ, ಗೆರೆಗಳ ಗುಂಟ ಎಸಳು ಬಿಡುವವರೆಗೆ ಹಬೆಯಲ್ಲಿ ಬೇಯಿಸಿ, ಬೀಜ ತೆಗೆದು, ಉಪ್ಪು ಅರಿಸಿನಗಳನ್ನು ಬೆರೆಸಿ ಪಿಂಗಾಣಿಯ ಭರಣಿಯಲ್ಲಿ ಒತ್ತಿ ತುಂಬಿ, ಬಾಯಿಗೆ ಬಿಳಿಯ ಅರಿವೆ ಕಟ್ಟಿ ಇಟ್ಟರೆ, ಮೂರನೆಯ ದಿನ ಬಿಚ್ಚುವಾಗ ಕಾಯಿ ತನ್ನ ರಸವನ್ನು ತಾನೇ ಬಿಟ್ಟು ಅದರಲ್ಲಿಯೇ ಮುಳುಗಿರುವುದು. ಆಮೇಲೆ ಹುರಿದ ಮೆಂತ್ಯ, ಸಾಸಿವೆಗಳ ಪುಡಿ, ಖಾರ, ಇಂಗಿನ ಒಗ್ಗರಣೆ, ಅದೂ ಎಣ್ಣೆ ಪೂರ್ಣವಾಗಿ ತಣಿದ ಮೇಲೆ. ಕಲ್ಲಿನಲ್ಲಿ ಕುಟ್ಟಿ ಹಿಂಡಿ ಮಾಡುವ ಉತ್ತರ ಕರ್ನಾಟಕದವರ ಪದ್ಧತಿಯೂ, ಹುಣಿಸೆಹಣ್ಣಿನೊಡನೆ ರುಬ್ಬಿಟ್ಟುಕೊಂಡು ಬೇಕಾದಾಗ ಒಗ್ಗರಿಸಿಕೊಳ್ಳುವ ತೆಲುಗರ ಉಸಿರಿಕಾಯ ಪಚ್ಚಡಿಯೂ, ಮರಾಠಿ ಮನೆಗಳ ಮೋರಾವಳವೂ, ಮುಸಲ್ಮಾನರ ಮುರಬ್ಬವೂ ಈ ನಗರದಲ್ಲಿ ನೆರೆಹೊರೆಯಾಗಿ ಬಾಳಿದ ಕಾರಣ, ಇಲ್ಲಿಯ ಕನ್ನಡದ ಅಡುಗೆಮನೆ ಖಾರದ ಭರಣಿಯ ಪಕ್ಕದಲ್ಲಿ ಸಕ್ಕರೆಯ ಜಾಡಿಯನ್ನೂ ಇಟ್ಟುಕೊಳ್ಳುವುದನ್ನು ಕಲಿಯಿತು.

ಡಬ್ಬಿಯ ವಿದ್ಯೆ ಬೇರೊಂದು ಮೂಲದ್ದು. ಫ್ರಾನ್ಸಿನ ನಿಕೊಲಾ ಅಪೇರನು ಗಾಜಿನ ಸೀಸೆಯಲ್ಲಿ ಆಹಾರವನ್ನು ತುಂಬಿ, ಬಿರಡೆ ಬಿಗಿದು, ಕುದಿನೀರಿನಲ್ಲಿ ಕಾಯಿಸಿ ಕೆಡದಂತೆ ಇಡಬಹುದೆಂದು ತೋರಿಸಿ, ಸರಕಾರದಿಂದ 12,000 ಫ್ರಾಂಕುಗಳ ಬಹುಮಾನವನ್ನು ಪಡೆದು, 1810ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ತವರದ ಡಬ್ಬಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದೂ ಆ ವರ್ಷವೇ. ಕೆಡಿಸುವುದು ಕಣ್ಣಿಗೆ ಕಾಣದ ಜೀವಾಣುಗಳೆಂಬ ಕಾರಣವು ಪಾಶ್ಚರನ ಸಂಶೋಧನೆಗಳಿಂದ ಅರ್ಧ ಶತಮಾನದ ಅನಂತರವೇ ತಿಳಿದುಬಂದಿತು. ಕನ್ನಡನಾಡಿನಲ್ಲಿ ಈ ಜ್ಞಾನಕ್ಕೆ ಸ್ಥಿರವಾದ ಪೀಠ ದೊರೆತದ್ದು 1950ರ ಅಕ್ಟೋಬರಿನಲ್ಲಿ, ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾದಾಗ. ಗಿರಿಧಾರಿ ಲಾಲ್, ಜಿ. ಎಸ್. ಸಿದ್ದಪ್ಪ, ಟಂಡನ್ ಇವರು ಕೂಡಿ ಬರೆದ ಹಣ್ಣು ತರಕಾರಿಗಳ ಸಂರಕ್ಷಣೆಯ ಗ್ರಂಥವು ಮುಂದೆ ಈ ವಿಷಯದ ವಿದ್ಯಾರ್ಥಿಗಳಿಗೆ ಆಧಾರವಾಯಿತು.

ಭರಣಿಗೂ ಡಬ್ಬಿಗೂ ಇರುವ ನಿಜವಾದ ಸಂಬಂಧವು ಹುಳಿಯಲ್ಲಿದೆ. ಮಾರಕ ವಿಷವನ್ನು ಉತ್ಪಾದಿಸುವ ಬಾಟುಲಿನಮ್ ಎಂಬ ಜೀವಾಣು, ಆಮ್ಲತೆಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದಲ್ಲಿ ಬೆಳೆಯಲಾರದು. ನೆಲ್ಲಿಯ ರಸವು ಅದಕ್ಕಿಂತ ಎಷ್ಟೋ ಕೆಳಗಿರುವುದರಿಂದ, ಬೀನ್ಸು ಬಟಾಣಿಗಳನ್ನು ಡಬ್ಬಿಗೆ ತುಂಬುವಾಗ ಅವಶ್ಯವಾದ ಒತ್ತಡದ ಹಬೆಯ ಯಂತ್ರ ಇದಕ್ಕೆ ಬೇಕಿಲ್ಲ, ಮನೆಯ ಪಾತ್ರೆಯ ಕುದಿನೀರೇ ಸಾಕು. ಕಾಯಿಯನ್ನು ಮುಳ್ಳಿನಿಂದ ಚುಚ್ಚಿ, ಒಗರು ಇಳಿಯಲೆಂದು ಕೆಲವು ದಿನ ಉಪ್ಪುನೀರಿನಲ್ಲಿಟ್ಟು, ಪಟಿಕದ ನೀರಿನಲ್ಲಿ ತೊಳೆದು, ಪಾಕವನ್ನು ದಿನದಿನಕ್ಕೂ ಗಟ್ಟಿಗೊಳಿಸುತ್ತ ನೂರಕ್ಕೆ 70ರ ಸಮೀಪಕ್ಕೆ ತರುವ ಮುರಬ್ಬದ ಕ್ರಮವನ್ನು ವಿಜ್ಞಾನಿಗಳು ಅಳೆದು ಬರೆದರು; ಅಡಿಗಲ್ಲಿನ ಅನುಭವ ಅಜ್ಜಿಯರದಾಗಿತ್ತು. ಒಂದು ತೊಡಕು ಮಾತ್ರ ಹೊಸದು: ನೆಲ್ಲಿಯ ಒಗರು ಕಬ್ಬಿಣವನ್ನು ಸೋಂಕಿದೊಡನೆ ಕಪ್ಪಾಗುವುದರಿಂದ, ಒಳಗೆ ಅರಗಿನಂಥ ಲೇಪವಿಲ್ಲದ ಡಬ್ಬಿಯಲ್ಲಿ ಕಾಯಿ ಬಣ್ಣಗೆಡುವುದು. ಗೃಹಕೃತ್ಯಕ್ಕೆ ಗಾಜೇ ಲೇಸು.

ಕಾಚಿಗೂಡಕ್ಕೆ ದೂರವಲ್ಲದ ತಾರ್ನಾಕದಲ್ಲಿರುವ ಪೋಷಣಾ ಸಂಶೋಧನಾಲಯವು 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದು, ಆಹಾರಗಳ ಪೋಷಕಾಂಶಗಳ ಕೋಷ್ಟಕವನ್ನು ಹೊರತಂದಾಗ, ನೂರು ಗ್ರಾಂ ನೆಲ್ಲಿಯಲ್ಲಿ ಸುಮಾರು 600 ಮಿಲಿಗ್ರಾಂ ಸಿ ಜೀವಸತ್ವವಿರುವುದೆಂಬ ಲೆಕ್ಕ ಓದುಬಲ್ಲ ಮನೆಗಳಿಗೆ ತಲುಪಿತು. ಅದರ ಫಲವಾಗಿ ಈಚಿನ ದಶಕಗಳಲ್ಲಿ ರಸದ ಸೀಸೆಗಳೂ ಒಣ ಚೂರುಗಳೂ ಹೆಚ್ಚಿವೆ. ಹಿತ್ತಿಲುಗಳಾದರೋ ಬಹುಮಹಡಿ ಮನೆಗಳಡಿಯಲ್ಲಿ ಕರಗುತ್ತಿರುವುದರಿಂದ, ಕಾಯಿ ಬಹುಮಟ್ಟಿಗೆ ಮಾರುಕಟ್ಟೆಯದು.

ಈಗ ಎಲ್ಲಕ್ಕಿಂತ ಎಚ್ಚರ ವಹಿಸಬೇಕಾದದ್ದು ಉಪ್ಪಿನ ವಿಷಯದಲ್ಲಿ. ಉಪ್ಪುನೀರಿನಲ್ಲಿಟ್ಟ ಉಪ್ಪಿನಕಾಯಿಯಲ್ಲಿ ನೂರಕ್ಕೆ 12ಕ್ಕೆ ಕಡಿಮೆಯಿಲ್ಲದಷ್ಟು ಉಪ್ಪಿರಬೇಕೆಂದು 1955ರ ಹಣ್ಣಿನ ಉತ್ಪನ್ನಗಳ ಆದೇಶವು ವಿಧಿಸಿತ್ತು. ಹಳೆಯ ಭರಣಿಗಳಲ್ಲಿ ಅದು 15ನ್ನೂ ಮೀರುತ್ತಿದ್ದಿತು. ರಕ್ತದೊತ್ತಡದ ಭಯದಿಂದ ಉಪ್ಪನ್ನು ಅರ್ಧಕ್ಕಿಳಿಸಿ, ಮಿಕ್ಕೆಲ್ಲವನ್ನೂ ಮೊದಲಿನಂತೆಯೇ ಮಾಡಿ, ಭರಣಿಯನ್ನು ಅಟ್ಟದ ಮೇಲಿಡುವ ಮನೆಗಳಲ್ಲಿ ಮಾಘ ಮಾಸದೊಳಗೆ ಬೂಷ್ಟು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಉಪ್ಪು ಕಡಿಮೆ ಬೇಕೆನ್ನುವವರು ನಿಂಬೆರಸವನ್ನೋ ಸಿರ್ಕಾವನ್ನೋ ಕೂಡಿಸಿ, ಚಿಕ್ಕ ಸೀಸೆಗಳಲ್ಲಿ ಹಂಚಿ, ಶೀತಪೆಟ್ಟಿಗೆಯಲ್ಲಿಟ್ಟು, ಒಂದೆರಡು ತಿಂಗಳೊಳಗೆ ಬಳಸಿ ಮುಗಿಸತಕ್ಕದ್ದು.