ಸೀಟಿ ಊದದ ಗೋಲು

2023ರ ಮಾರ್ಚ್ 3, ಶುಕ್ರವಾರ. ಹೆಬ್ಬಾಳ, ನಾಗವಾರ ಕಡೆ ಟೆಕ್ ಪಾರ್ಕುಗಳಲ್ಲಿ ಕೆಲಸ ಮಾಡೋರಿಗೆ ಈ ದಿನ ನೆನಪಿರಬಹುದು. ಫುಟ್‌ಬಾಲ್ ನೋಡದವರಿಗೂ ಸೋಮವಾರ ಕ್ಯಾಂಟೀನಿನಲ್ಲಿ ಅದರ ಬಿಸಿ ತಟ್ಟಿತ್ತು.

ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷಕ್ಕೆ 0-0. ಹೆಚ್ಚುವರಿ ಸಮಯ ಶುರುವಾಗಿ ಆರೇಳು ನಿಮಿಷಕ್ಕೆ ಪೆನಾಲ್ಟಿ ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಹುಡುಗರು ಇನ್ನೂ ಗೋಡೆ ಕಟ್ಟೋ ಗಡಿಬಿಡಿಯಲ್ಲಿದ್ದರು, ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ತನ್ನ ಜಾಗದಲ್ಲಿರಲಿಲ್ಲ. ಸುನಿಲ್ ಛೆಟ್ರಿ ನಿಧಾನಕ್ಕೆ ಚೆಂಡನ್ನು ಎತ್ತಿ ಬಲೆಗೆ ಹಾಕಿಬಿಟ್ಟರು. ಸೀಟಿ ಕೇಳಿಸಿರಲಿಲ್ಲ. ರೆಫರಿ ಕ್ರಿಸ್ಟಲ್ ಜಾನ್ ಗೋಲು ಅಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಕರೆದುಕೊಂಡು ಮೈದಾನದಿಂದ ಹೊರಗೆ ನಡೆದರು. ಅವರು ವಾಪಸ್ ಬರಲೇ ಇಲ್ಲ. ಒಂದಷ್ಟು ಹೊತ್ತು ಕಾದು, ಬೆಂಗಳೂರು 1-0 ಗೆದ್ದಿದೆ ಅಂತ ಘೋಷಿಸಿದರು.

ಉತ್ತರ ಬೆಂಗಳೂರಿನ ಮಟ್ಟಿಗೆ ಇದು ಹೊರಗಿನವರ ಜೊತೆಗಿನ ಜಗಳ ಅಲ್ಲ. ಐವತ್ತರ ದಶಕದಲ್ಲಿ ಜಾಲಹಳ್ಳಿ ಕಡೆ ಎಚ್‌ಎಂಟಿ, ಬಿಇಎಲ್ ಬಂದ ಮೇಲೆ ಕೆಲಸಕ್ಕೆ ಅಂತ ಬಂದು ನೆಲೆಸಿದ ಮಲಯಾಳಿ ಕುಟುಂಬಗಳ ಮೂರನೇ ತಲೆಮಾರು ಈಗ ಇಲ್ಲಿದೆ. ಜಾಲಹಳ್ಳಿ ಅಯ್ಯಪ್ಪನ ಗುಡಿಗೆ ಎಲ್ಲರೂ ಹೋಗ್ತಾರೆ. ಯಶವಂತಪುರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿಯೋವರೆಗೂ ನೀಲಿ ಅಂಗಿ, ಹಳದಿ ಅಂಗಿ ಒಂದೇ ಬೋಗಿಯಲ್ಲಿರುತ್ತವೆ. ಬೇರೆ ಬೇರೆ ಆಗೋದು ಕ್ರೀಡಾಂಗಣದ ಗೇಟಿನಲ್ಲಿ.

ನಿಯಮ ಏನು ಹೇಳುತ್ತೆ? ಫ್ರೀಕಿಕ್ ಅನ್ನು ಸೀಟಿಗೆ ಕಾಯದೆ ಬೇಗ ಹೊಡೆಯಬಹುದು. ಎದುರಾಳಿಗಳು 9.15 ಮೀಟರ್ ದೂರ ಹೋಗಲಿ ಅಂತ ಹೊಡೆಯುವವನು ಕೇಳಿದರೆ, ಅಥವಾ ರೆಫರಿಯೇ ಗೋಡೆ ಸರಿಸೋಕೆ ಶುರು ಮಾಡಿದರೆ, ಆಮೇಲೆ ಸೀಟಿ ಆಗಲೇಬೇಕು. ತಕರಾರು ಇರೋದು ಈ ಎರಡರ ನಡುವೆ. ತಮಗೆ ಗೋಡೆಯೂ ಬೇಡ, ಸೀಟಿಯೂ ಬೇಡ ಅಂತ ರೆಫರಿಗೆ ಮೊದಲೇ ಹೇಳಿದ್ದಾಗಿ ಛೆಟ್ರಿ ಪಂದ್ಯದ ನಂತರ ವಿವರಿಸಿದರು. ಕೇರಳದ ಆಡ್ರಿಯನ್ ಲೂನಾಗೂ ಅದು ಗೊತ್ತಿತ್ತು, ಅದಕ್ಕೇ ಅವರು ಮೊದಲ ಯತ್ನಕ್ಕೆ ಅಡ್ಡ ಬಂದರು ಅನ್ನೋದು ಅವರ ವಾದ. ಕೇರಳದವರ ವಾದ ಇನ್ನೊಂದು: ಫೌಲ್ ಆಗಿ ಸುಮಾರು ಅರ್ಧ ನಿಮಿಷ ಕಳೆದಿದೆ, ರೆಫರಿ ನಮ್ಮವರನ್ನು ಹಿಂದೆ ಸರಿಸ್ತಿದ್ದಾರೆ, ಇದು ಯಾವ ಸೀಮೆಯ ಕ್ವಿಕ್ ಫ್ರೀಕಿಕ್?

ನನಗೆ ಎರಡೂ ವಾದ ಸರಿ ಅನ್ನಿಸುತ್ತೆ. ಹಾಗಾಗಿ ಈ ಘಟನೆ ತಲೆಯಿಂದ ಹೋಗೋದೂ ಇಲ್ಲ. ಗೋಲು ನಿಂತಿರೋದು ಇಬ್ಬರ ನಡುವಿನ ಮಾತಿನ ಮೇಲೆ, ಆ ಮಾತು ಕೂತಿದ್ದ ಸಾವಿರಾರು ಜನರಲ್ಲಿ ಒಬ್ಬರಿಗೂ ಕೇಳಿಸಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರೊಡಕ್ಷನ್‌ನಲ್ಲಿ ಬದಲಾವಣೆ ಆಗಿದೆ, ಲಾಗ್ ಇಲ್ಲ. ನಮ್ಮೂರಲ್ಲಿ ಗಣೇಶನ ಹಬ್ಬದ ಕಬಡ್ಡಿಗೆ ಪಕ್ಕದೂರಿನ ಮೇಷ್ಟ್ರನ್ನು ಅಂಪೈರ್ ಆಗಿ ಕರೆಸ್ತಿದ್ದರು. ಗೆರೆ ತುಳಿದವನ ಹೆಸರು ಹಿಡಿದು ಊರಿಗೆಲ್ಲ ಕೇಳೋ ಹಾಗೆ ಕೂಗೋರು. ಜಗಳ ಆಗ್ತಿತ್ತು, ಬೇಕಾದಷ್ಟು ಆಗ್ತಿತ್ತು. ಆದರೆ ಮೇಷ್ಟ್ರು ಏನು ಹೇಳಿದರು ಅನ್ನೋದರ ಬಗ್ಗೆ ಯಾವತ್ತೂ ಆಗಿರಲಿಲ್ಲ.

ರೆಫರಿ ಮೇಲೆ ಸಿಟ್ಟಿಗೆ ಮೈದಾನ ಬಿಡೋದು ಹೊಸದೇನಲ್ಲ. 1982ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಗೋಲು ಹೊಡೆದಾಗ ಕುವೈತ್ ಆಟಗಾರರು ಪ್ರೇಕ್ಷಕರ ಕಡೆಯಿಂದ ಬಂದ ಸೀಟಿಯನ್ನು ರೆಫರಿಯದೇ ಅಂದುಕೊಂಡು ನಿಂತುಬಿಟ್ಟಿದ್ದರು. ಅವರ ರಾಜಮನೆತನದ ಶೇಖ್ ಫಹದ್ ಗ್ಯಾಲರಿಯಿಂದ ಇಳಿದು ಮೈದಾನಕ್ಕೇ ಬಂದರು, ರೆಫರಿ ಮಿರೊಸ್ಲಾವ್ ಸ್ತುಪಾರ್ ಗೋಲು ರದ್ದು ಮಾಡಿದರು! ಅಲ್ಲಿ ಇಲ್ಲದ ಸೀಟಿ ಕೇಳಿಸಿತ್ತು, ಇಲ್ಲಿ ಇರಬೇಕಿದ್ದ ಸೀಟಿ ಕೇಳಿಸಲಿಲ್ಲ. ನಮ್ಮಲ್ಲೇ 2012ರ ಡಿಸೆಂಬರ್ 9ರಂದು ಈಸ್ಟ್ ಬೆಂಗಾಲ್ ವಿರುದ್ಧ ಮೋಹನ್ ಬಗಾನ್ ದ್ವಿತೀಯಾರ್ಧ ಆಡೋಕೆ ಬರಲಿಲ್ಲ. ಮೊದಲು ನಿಷೇಧ, ಆಮೇಲೆ ಅದು 2 ಕೋಟಿ ರೂಪಾಯಿ ದಂಡಕ್ಕೆ ಇಳಿಯಿತು.

ಕೇರಳಕ್ಕೆ ಇದರ ದುಪ್ಪಟ್ಟು ಬಿತ್ತು. ಪಂದ್ಯ ಮತ್ತೆ ಆಡಿಸಿ ಅನ್ನೋ ಬೇಡಿಕೆ ತಿರಸ್ಕಾರವಾಯಿತು. ಮಾರ್ಚ್ ಕೊನೆಗೆ ಬಂದ ಎಐಎಫ್‌ಎಫ್ ಆದೇಶದಲ್ಲಿ ಕ್ಲಬ್‌ಗೆ 4 ಕೋಟಿ, ಕೋಚ್‌ಗೆ 5 ಲಕ್ಷ ದಂಡ ಮತ್ತು 10 ಪಂದ್ಯ ನಿಷೇಧ. ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ದಂಡ 6 ಕೋಟಿ. ಕ್ಷಮೆ ಕೇಳಿದರು. ತಂಡವನ್ನು ಹೊರಗೆ ಕರೆದೊಯ್ದದ್ದಕ್ಕೆ ಶಿಕ್ಷೆ ಬೇಕಿತ್ತು, ಒಪ್ಪೋಣ. ಆದರೆ ಜನ ಕೇಳ್ತಿದ್ದದ್ದು ಗೋಲಿನ ಬಗ್ಗೆ, ಸಿಕ್ಕಿದ ಉತ್ತರ ಹೊರನಡೆದದ್ದರ ಬಗ್ಗೆ.

ಅಷ್ಟರಲ್ಲಿ ನಮ್ಮವರ ಸರದಿ ಬಂದಿತ್ತು. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ರಿಂದ ದಾಟಿ, ಮಾರ್ಚ್ 18ಕ್ಕೆ ಗೋವಾದ ಫತೋರ್ದಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧ ಫೈನಲ್. ಬೆಂಗಳೂರು 2-1 ಮುಂದಿದ್ದಾಗ, 85ನೇ ನಿಮಿಷದಲ್ಲಿ ಕಿಯಾನ್ ನಸ್ಸಿರಿಯನ್ನು ಬೀಳಿಸಿದ್ದಕ್ಕೆ ಬಗಾನ್‌ಗೆ ಪೆನಾಲ್ಟಿ ಕೊಟ್ಟರು. ಫೌಲ್ ಆದದ್ದು ಬಾಕ್ಸಿನ ಒಳಗೋ ಹೊರಗೋ ಅಂತ ಇಲ್ಲಿನವರು ಇವತ್ತಿಗೂ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡ್ತಾರೆ. ಪೆಟ್ರಾಟೋಸ್ ಗೋಲು ಹೊಡೆದರು, ಪಂದ್ಯ 2-2, ಶೂಟೌಟ್‌ನಲ್ಲಿ 4-3ರಿಂದ ಬಗಾನ್ ಗೆದ್ದಿತು. ಐಎಸ್‌ಎಲ್‌ಗೆ ವಿಎಆರ್ ತನ್ನಿ ಅಂತ ಬೆಂಗಳೂರು ಕ್ಲಬ್ಬಿನ ಮಾಲೀಕ ಪಾರ್ಥ್ ಜಿಂದಾಲ್ ಅವತ್ತೇ ಟ್ವೀಟ್ ಮಾಡಿದರು. ಹದಿನೈದು ದಿನದ ಹಿಂದೆ ನಿಯಮದ ಪಾಠ ಹೇಳ್ತಿದ್ದ ನೀಲಿ ಅಂಗಿಯವರೆಲ್ಲ ರೆಫರಿಗೆ ಬಯ್ಯೋದರಲ್ಲಿ ಹಳದಿಯವರನ್ನೂ ಮೀರಿಸಿದರು.

ಆ ಪೆನಾಲ್ಟಿಗೆ ವಿಎಆರ್ ಕೆಲಸಕ್ಕೆ ಬರ್ತಿತ್ತು, ಗೆರೆ ಕ್ಯಾಮೆರಾಗೆ ಕಾಣುತ್ತೆ. ಛೆಟ್ರಿ ಗೋಲಿಗೆ ಬರ್ತಿತ್ತಾ? ನನಗೆ ಅನುಮಾನ. ಕ್ಯಾಮೆರಾಗೆ ಮಾತು ಕಾಣಲ್ಲ. ಅಲ್ಲಿ ಬೇಕಿದ್ದದ್ದು ಮೈಕು. ರಗ್ಬಿಯಲ್ಲಿ ರೆಫರಿ ಹೇಳೋದನ್ನು ಟೀವಿಯವರು ಕೇಳಿಸ್ತಾರೆ. ಅದೇ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ವಿಎಆರ್ ನೋಡಿ ಬಂದ ರೆಫರಿಗಳು ತೀರ್ಪನ್ನು ಧ್ವನಿವರ್ಧಕದಲ್ಲಿ ಹೇಳಿದರು.

ಎರಡೂ ತಂಡ ಏಪ್ರಿಲ್ 16ಕ್ಕೆ ಕೋಝಿಕ್ಕೋಡ್‌ನಲ್ಲಿ ಸೂಪರ್ ಕಪ್‌ಗೆ ಮತ್ತೆ ಎದುರಾದವು, 1-1 ಡ್ರಾ. ಸೆಪ್ಟೆಂಬರ್ 21ಕ್ಕೆ ಹೊಸ ಸೀಸನ್ನಿನ ಮೊದಲ ಪಂದ್ಯ ಕೊಚ್ಚಿಯಲ್ಲಿ. ಛೆಟ್ರಿ ಏಷ್ಯನ್ ಕ್ರೀಡಾಕೂಟಕ್ಕೆ ಹೋಗಿದ್ದರು, ವುಕೊಮನೊವಿಚ್ ನಿಷೇಧ ಮುಗಿದಿರಲಿಲ್ಲ. ಕೇರಳ 2-1ರಿಂದ ಗೆದ್ದಿತು. ಒಂದು ನಮ್ಮವರದೇ ಸೆಲ್ಫ್ ಗೋಲು. ಇನ್ನೊಂದನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಕಾಲಲ್ಲಿ ತಡವರಿಸಿದ ಚೆಂಡು ಕಸಿದು ಲೂನಾ ಹೊಡೆದರು. ಅದರಲ್ಲಿ ರೆಫರಿಯನ್ನು ಬಯ್ಯೋಕೆ ಏನೂ ಇರಲಿಲ್ಲ.