ಬದ್ನೆಕಾಯಿ ಗೊಜ್ಜಿಗೆ ಬಂದ ನೆಂಟರು

ಈ ಸಲ ಕೊಬ್ಬರಿ ರೇಟಿನ ವಿಷಯ ಅಲ್ಲ, ನುಸಿ ರೋಗದ ವಿಷಯಾನೂ ಅಲ್ಲ. ಬದ್ನೆಕಾಯಿ ವಿಷಯ. ಬರೀತಾ ಬರೀತಾ ಉದ್ದ ಆಯ್ತು. ಸಂಜೆ ಡೈರಿಗೆ ಹಾಲು ಹಾಕಿ ಬಂದಮೇಲೆ ಪುರುಸೊತ್ತಾಗಿ ಓದಿ.

ಹೋದ ತಿಂಗಳು ಮಗಳು ಬೆಂಗಳೂರಿಂದ ಬಂದಿದ್ಲು. ಮೊಮ್ಮಗ ಮುದ್ದೆ ಮುಂದೆ ಕೂತ್ಕೊಂಡು ಪಾಸ್ತಾ ಬೇಕು ಅಂತ ಹಟ ಹಿಡಿದ. ತುರುವೇಕೆರೆಗೆ ಹೋದರೆ ಪಾಸ್ತಾ ಪ್ಯಾಕೆಟ್ ಸಿಕ್ತು, ಅದಕ್ಕೆ ಹಾಕೋ ಸಾಸ್ ಸಿಕ್ಲಿಲ್ಲ. ಮಗಳು "ಹಿತ್ಲಲ್ಲಿ ಬದ್ನೆಕಾಯಿ ಇದ್ಯಲ್ಲಪ್ಪ, ಸಾಕು ಬಿಡು" ಅಂದಳು.

ನಾನು ಅಡುಗೆಮನೆ ಬಾಗಿಲಲ್ಲೇ ನಿಂತು ನೋಡಿದೆ. ಬದ್ನೆಕಾಯಿ ದಪ್ಪ ಹೋಳು ಮಾಡಿ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಲು. ನೀರು ಬಿಟ್ಟಮೇಲೆ ಹಿಂಡಿ, ಎಣ್ಣೇಲಿ ಕೆಂಪಗೆ ಹುರಿದು ತೆಗೆದಿಟ್ಲು. ಅದೇ ಬಾಂಡ್ಲೀಲಿ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ, ಆಮೇಲೆ ಟೊಮೆಟೊ. ಟೊಮೆಟೊ ಕರಗಿ ಎಣ್ಣೆ ಬಿಡೋವರೆಗೂ ಕುದಿಸಿ, ಹುರಿದ ಬದ್ನೆ ಸೇರಿಸಿ, ಪಾಸ್ತಾ ಬೆಂದ ನೀರನ್ನೇ ಒಂದು ಸೌಟು ಹಾಕಿ ಮುಚ್ಚಿದಳು. ಹೋಳು ಅರ್ಧ ಕರಗಿ, ಅರ್ಧ ಹಾಗೇ ಉಳಿದು ಮಂದ ಆಯ್ತು. ನನ್ನ ಹೆಂಡತಿ ಇಣುಕಿ ನೋಡಿ, "ಗೊಜ್ಜು ಮಾಡಿಟ್ಟು ಪಾಸ್ತಾ ಸಾಸು ಅಂತೀಯಲ್ಲೇ" ಅಂದಳು. ಮೇಲೆ ಉದುರಿಸೋಕೆ ಚೀಸ್ ಇರಲಿಲ್ಲ, ಕೊಬ್ಬರಿ ತುರಿದು ಹಾಕಿದ್ವಿ. ಹುಡುಗ ಎರಡು ಸಲ ಹಾಕಿಸ್ಕೊಂಡು ತಿಂದ. ಉಳಿದ ಸಾಸನ್ನ ಮಾರನೇ ದಿನ ನಾವು ಒತ್ತು ಶಾವಿಗೆಗೆ ಕಲಸಿ ತಿಂದ್ವಿ. ಬಿಸಿ ಮುದ್ದೆಗೂ ಸರಿ ಹೋಗ್ತದೆ, ಹೇಳಿರ್ತೀನಿ.

ಅವತ್ತಿಂದ ತಲೇಲಿ ಒಂದೇ ಹುಳ. ಇದು ಅವರ ಅಡುಗೆಯೋ ನಮ್ಮದೋ? ಓದಿದ್ದು, ಕೇಳಿದ್ದು ಎಲ್ಲಾ ಸೇರಿಸಿ ಹೇಳ್ತೀನಿ.

ಮೊದಲನೇದಾಗಿ, ಬದನೆ ನಮ್ಮ ಮಣ್ಣಿನ ಗಿಡ. ಭಾರತ ಮತ್ತು ಅದರ ಪೂರ್ವದ ದೇಶಗಳಲ್ಲಿ ಇದನ್ನ ಸಾವಿರಾರು ವರ್ಷದ ಹಿಂದೆಯೇ ಪಳಗಿಸಿದರು. ಇದರ ಕಾಡು ದಾಯಾದಿಗಳು ಇನ್ನೂ ನಮ್ಮ ಬೇಲೀಲೇ ಇವೆ. ನೆಲಗುಳ್ಳ, ಕಿರುಗುಳ್ಳ, ಸುಂಡೆಕಾಯಿ, ಇವುಗಳ ಹೂವನ್ನೂ ಬದನೆ ಹೂವನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಒಂದೇ ಮನೆತನ ಅಂತ ಚಿಕ್ಕ ಮಕ್ಕಳೂ ಹೇಳ್ತವೆ. ಹೆಸರೂ ಹಾಗೇ. ನಾವು ಬದನೆ ಅಂತೀವಿ, ಮಲಯಾಳಿಗಳು ವಳುದನ ಅಂತಾರೆ. ಸಂಸ್ಕೃತದ ವಾತಿಂಗಣ ಅನ್ನೋ ಮಾತು ದಕ್ಷಿಣದ ಇಂಥ ಹೆಸರಿಂದಲೇ ಹುಟ್ಟಿದ್ದು ಅನ್ನೋದು ಭಾಷಾ ಪಂಡಿತರ ಲೆಕ್ಕ. ಅದು ಪರ್ಷಿಯಾಕ್ಕೆ ಹೋಗಿ ಬಾದಿಂಗಾನ್ ಆಯ್ತು, ಅರಬರ ಬಾಯಲ್ಲಿ ಬಾದಿಂಜಾನ್, ಪೋರ್ಚುಗೀಸರ ಬಾಯಲ್ಲಿ ಬೆರಿಂಜೆಲ. ಕೊನೆಗೆ ಬ್ರಿಂಜಾಲ್ ಅಂತಾಗಿ ನಮ್ಮ ಸ್ಕೂಲ್ ಪುಸ್ತಕಕ್ಕೇ ವಾಪಸ್ ಬಂತು. ಊರು ಬಿಟ್ಟು ಹೋದೋನು ಹೆಸರು ಬದಲಾಯಿಸ್ಕೊಂಡು ಬಂದ ಹಾಗೆ.

ಕನ್ನಡದಲ್ಲಿ ಅಡುಗೆ ಬಗ್ಗೆ ಬರೆಯೋದು ಹೊಸದೇನಲ್ಲ. ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೇ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಗಿಡಮರದ ವೈದ್ಯವೂ ಇದೆ, ಅಡುಗೆಯೂ ಇದೆ. ಆಮೇಲೆ ಸುಮಾರು 1508ರಲ್ಲಿ, ಹುಣಸೂರು ಕಡೆಯ ಕಲ್ಲಹಳ್ಳಿಯ ಅರಸು ಮೂರನೇ ಮಂಗರಸ ಸೂಪಶಾಸ್ತ್ರ ಅಂತ ಒಂದು ಇಡೀ ಪುಸ್ತಕವನ್ನೇ ಅಡುಗೆ ಮೇಲೆ ಪದ್ಯದಲ್ಲಿ ಬರೆದ. ಅದರಲ್ಲಿ ಬದನೆಕಾಯಿಗೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಒಬ್ಬ ಅರಸು ಕೂತು ಬದನೆ ಅಡುಗೆಗಳನ್ನ ಒಂದೊಂದಾಗಿ ಪದ್ಯ ಕಟ್ಟಬೇಕು ಅಂದ್ರೆ ಆಗಲೇ ಅದಕ್ಕೆ ಎಷ್ಟು ಮರ್ಯಾದೆ ಇತ್ತು ನೋಡಿ.

ಈಗ ತಮಾಷೆ ಕೇಳಿ. ಆ ಮಂಗರಸನ ಅಡುಗೆಮನೇಲಿ ಮೆಣಸಿನಕಾಯಿ ಇರಲಿಲ್ಲ. ಟೊಮೆಟೊ ಇರಲಿಲ್ಲ. ಕಡ್ಲೆಕಾಯಿ ಬೀಜಾನೂ ಇರಲಿಲ್ಲ. ಈ ಮೂರೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದಿದ್ದು 1498, ಗೋವಾ ಹಿಡಿದಿದ್ದು 1510. ಅವರ ಹಡಗಿನ ಹಿಂದೇನೇ ಇವೆಲ್ಲ ಒಂದೊಂದಾಗಿ ಬಂದವು. ಅದಕ್ಕೆ ಮುಂಚೆ ಖಾರ ಅಂದ್ರೆ ಮಲೆನಾಡಿನ ಮೆಣಸು, ಶುಂಠಿ. ಹುಳಿಗೆ ಹುಣಸೆ, ನಿಂಬೆ, ಮಜ್ಜಿಗೆ.

ಪುಸ್ತಕ ನಂಬದೇ ಇದ್ದರೆ ನಮ್ಮ ಮಾತನ್ನೇ ನಂಬಿ. ಕಾಳುಮೆಣಸಿಗೆ ಮೊದಲು ಬರೀ ಮೆಣಸು ಅಂತಲೇ ಹೆಸರು. ಅದರ ಹಾಗೇ ಖಾರ ಇರೋ ಹೊಸ ಕಾಯಿ ಬಂದಾಗ ಜನ ಮೆಣಸಿನ ಕಾಯಿ ಅಂದರು. ಹೊಸಬ ಗೆದ್ದ ಮೇಲೆ ಹಳಬ ಕಾಳುಮೆಣಸು ಆಗಿ ಪಕ್ಕಕ್ಕೆ ಸರೀಬೇಕಾಯ್ತು. ಕಡಲೆ ಮೊದಲೇ ಇತ್ತು, ನೆಲದೊಳಗಿಂದ ಅಂಥದ್ದೇ ಬೀಜ ಬಂದಾಗ ಕಡ್ಲೆಕಾಯಿ, ನೆಲಗಡಲೆ ಅಂದರು. ಟೊಮೆಟೊಗೆ ಚಪ್ಪರಬದನೆ ಅಂತ ಕನ್ನಡದ ಹೆಸರಿದೆ. ಹೊಸ ಹಣ್ಣು ನೋಡಿದ ಕೂಡಲೇ ಇದು ಬದನೆ ನೆಂಟ ಅಂತ ನಮ್ಮೋರು ಗುರುತು ಹಿಡಿದಿದ್ರು. ಅದು ಸರಿಯೂ ಹೌದು, ಟೊಮೆಟೊ ಬದನೆ ಎರಡೂ ಒಂದೇ ಕುಲ. ಸೀಮೆಬದನೆ ಮಾತ್ರ ಹೆಸರಿಗೆ ಬದನೆ, ಕುಲದಲ್ಲಿ ಸೋರೆ, ಕುಂಬಳದ ಕಡೆಯದು.

ನಮ್ಮಜ್ಜಿ ಗೊಜ್ಜಿಗೆ ಟೊಮೆಟೊ ಹಾಕ್ತಿರಲಿಲ್ಲ. ಬದ್ನೆಕಾಯಿನ ಒಲೆ ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಹುಣಸೆಹಣ್ಣು, ಹುರಿದ ಹುಚ್ಚೆಳ್ಳು ಪುಡಿ, ಬೆಳ್ಳುಳ್ಳಿ, ಉಪ್ಪು, ಮೆಣಸಿನಕಾಯಿ ಹಾಕಿ ಕೈಯಲ್ಲೇ ಕಿವುಚೋಳು. ಎಣ್ಣೆಗಾಯಿ ಮಾಡಿದ ದಿನ ಒಳಗೆ ತುಂಬೋಕೆ ಕೊಬ್ಬರಿ, ಹುಚ್ಚೆಳ್ಳು, ಧನಿಯ. ಈ ಹುಚ್ಚೆಳ್ಳು ಕೂಡ ಮೂಲದಲ್ಲಿ ಇಥಿಯೋಪಿಯಾ ಕಡೆಯದು. ರಾಗಿಯೂ ಆಫ್ರಿಕಾದಿಂದಲೇ ಬಂದಿದ್ದು, ಆದರೆ ಸಾವಿರಾರು ವರ್ಷದ ಹಿಂದೆ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಹೂ ಬಿಟ್ಟು ನಿಂತಿದ್ದ ಹುಚ್ಚೆಳ್ಳನ್ನ ನೋಡಿದವರು ಅದು ಹೊರಗಿಂದು ಅಂತ ಹೇಳೋಕೆ ಸಾಧ್ಯವಾ? ಬಂದ ನೆಂಟರು ಮನೆ ಮಕ್ಕಳೇ ಆಗಿಬಿಟ್ಟಿದ್ದಾರೆ.

ಇಟಲಿಯೋರ ಕಥೇನೂ ಇದೇ. ಬದನೆ ಅಲ್ಲಿಗೆ ಹೋಗಿದ್ದು ಅರಬರ ಕೈಯಿಂದ, ಸಿಸಿಲಿ ಅನ್ನೋ ದ್ವೀಪದ ಮೂಲಕ. ಮೊದಮೊದಲು ಅವರು ಇದನ್ನ ನಂಬಲಿಲ್ಲ. ತಿಂದರೆ ತಲೆ ಕೆಡ್ತದೆ ಅಂತ ಹೆದರಿ, ಅವರ ಮೆಲಂಜಾನ ಅನ್ನೋ ಹೆಸರನ್ನ ಹುಚ್ಚುಸೇಬು ಅಂತಲೇ ಅರ್ಥ ಮಾಡ್ಕೊಂಡಿದ್ರು. ಟೊಮೆಟೊ ಅವರಿಗೂ ಅಮೆರಿಕದಿಂದ ಬಂದಿದ್ದೇ. ಶಾವಿಗೆ ಥರದ ಪಾಸ್ತಾಕ್ಕೆ ಟೊಮೆಟೊ ಸಾಸ್ ಹಾಕಿ ತಿನ್ನೋದು ಅಲ್ಲಿ ಜೋರಾಗಿದ್ದು 1800 ಆದಮೇಲೆ. ಸಿಸಿಲಿಯ ಕತಾನಿಯಾ ಊರಲ್ಲಿ ಹುರಿದ ಬದನೆ, ಟೊಮೆಟೊ, ಮೇಲೆ ಉಪ್ಪಿನ ಗಿಣ್ಣು ತುರಿದು ಮಾಡೋ ಪಾಸ್ತಾಗೆ ನೋರ್ಮಾ ಅಂತಾರೆ. ಅದು ಆ ಊರಿನ ಬೆಲ್ಲಿನಿ ಅನ್ನೋ ಸಂಗೀತಗಾರ 1831ರಲ್ಲಿ ಮಾಡಿದ ಒಂದು ಸಂಗೀತ ನಾಟಕದ ಹೆಸರು. ನನ್ನ ಮಗಳು ನಮ್ಮ ಹಿತ್ಲಲ್ಲಿ ಕಿತ್ತು ಮಾಡಿದ್ದು ಹೆಚ್ಚು ಕಮ್ಮಿ ಅದೇ. ಅಂದ್ರೆ ಅವರ ಬಾಣಲೆಗೂ ನಮ್ಮ ಬಾಣಲೆಗೂ ನೆಂಟರು ಒಬ್ಬರೇ. ಮನೆ ಯಜಮಾನ ಬದನೆ ಮಾತ್ರ ನಮ್ಮ ಕಡೆಯೋನು.

ಇಷ್ಟೇ ಆಗಿದ್ರೆ ಖುಷಿಯಿಂದ ಇಲ್ಲಿಗೇ ನಿಲ್ಲಿಸ್ತಿದ್ದೆ. ಆದರೆ ಯಜಮಾನನ್ನೇ ನಾನು ಮನೆಯಿಂದ ಆಚೆ ಹಾಕಿದ್ದೆ. ಅದನ್ನೂ ಹೇಳಬೇಕು.

ನಮ್ಮವ್ವನ ಹತ್ರ ಒಂದು ಬದನೆ ಇತ್ತು. ದುಂಡಗೆ, ಹಸಿರು ಮೈ ಮೇಲೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ತವರಿಂದ ತಂದಿದ್ದಂತೆ. ಪ್ರತಿ ವರ್ಷ ಒಳ್ಳೇ ಗಿಡದ ಎರಡು ಕಾಯಿ ಕೀಳದೇ ಬಿಟ್ಟು, ಹಳದಿಗೆ ತಿರುಗಿದ ಮೇಲೆ ಕಿವುಚಿ ತೊಳೆದು, ಬೀಜಕ್ಕೆ ಬೂದಿ ಕಲಸಿ, ಸಗಣಿ ಜೊತೆ ಬಿಲ್ಲೆ ಮಾಡಿ ಗೋಡೆಗೆ ತಟ್ಟೋಳು. ಆ ಗೋಡೆನೇ ನಮ್ಮ ಬೀಜದ ಬ್ಯಾಂಕು. ಅವ್ವ ತೀರ್ಕೊಂಡ ವರ್ಷ ಮನೆಗೆ ಸುಣ್ಣ ಹೊಡಿಸುವಾಗ ಬಿಲ್ಲೆಗಳನ್ನೆಲ್ಲ ನಾನೇ ಗುದ್ದಲೀಲಿ ಎಬ್ಬಿಸಿ ತಿಪ್ಪೆಗೆ ಎಸೆದೆ. ನರ್ಸರೀಲಿ ಹೈಬ್ರಿಡ್ ಸಸಿ ಸಿಗ್ತಿತ್ತು. ಇದ್ಯಾಕೆ ಬೇಕು ಅನ್ನಿಸ್ತು.

ಆಮೇಲೆ ಎಳೇ ತೆಂಗಿನ ಸಾಲಿನ ಮಧ್ಯೆ ಹತ್ತು ಗುಂಟೆ ಹೈಬ್ರಿಡ್ ಹಾಕಿದೆ. ಕಾಯಿ ಒಂದೇ ಸೈಜು, ಫಳಫಳ ಅನ್ನೋದು. ಜೊತೆಗೇ ಕುಡಿ ಮತ್ತು ಕಾಯಿ ಕೊರೆಯೋ ಹುಳ. ತೂತು ಬಿದ್ದ ಕಾಯಿನ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ. ವಾರಕ್ಕೊಂದು ಸಲ ಔಷಧಿ, ಆಮೇಲೆ ವಾರಕ್ಕೆ ಎರಡು ಸಲ. ಹೊಡೆದಮೇಲೆ ಇಷ್ಟು ದಿನ ಕೀಳಬಾರದು ಅಂತ ಡಬ್ಬದ ಮೇಲೆ ಬರೆದಿರ್ತದೆ. ನಾನು ಸಾಯಂಕಾಲ ಹೊಡೆದು ಬೆಳಗ್ಗೆ ಕಿತ್ತು ಕಳಿಸಿದ್ದೀನಿ. ಮುಚ್ಚಿಡಲ್ಲ. ಮನೆಗೆ ಅಂತ ಬಾವಿ ಹತ್ರ ಆರು ಗಿಡ ಬೇರೆ ಇಟ್ಟಿದ್ದೆ, ಅದಕ್ಕೆ ಹೊಡೀತಿರಲಿಲ್ಲ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತ ಗಾದೆ ಇದೆಯಲ್ಲ. ನಂದು ಅದಕ್ಕಿಂತ ಕಡೆ, ಮಾರೋದೊಂದು ಬದನೆಕಾಯಿ, ತಿನ್ನೋದೊಂದು ಬದನೆಕಾಯಿ.

ಒಂದು ದಿನ ಸಂತೇಲಿ ವಯಸ್ಸಾದ ಹೆಂಗಸು ಒಬ್ಬರು ಎರಡು ಕೇಜಿ ತಗೊಂಡು, "ಮೊಮ್ಮಗಳು ಬಾಣಂತನಕ್ಕೆ ಬಂದವಳೆ, ಎಳೇದು ನೋಡಿ ಹಾಕಪ್ಪ, ನಿಮ್ಮನೇಲೂ ಇದೇ ತಾನೆ ಮಾಡೋದು?" ಅಂದರು. ಹೂಂ ಅಂದೆ. ಆ ಹೂಂ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮುಂದಿನ ಬೇಸಾಯಕ್ಕೆ ಆ ಹತ್ತು ಗುಂಟೆಗೆ ಬದನೆ ಹಾಕಲಿಲ್ಲ.

ಈ ಹುಳದ ಕಾಟಕ್ಕೇ ಅಲ್ಲವೇ ಬಿಟಿ ಬದನೆ ಗಲಾಟೆ ಆಗಿದ್ದು. ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾದ ಗುಣವನ್ನ ಬದನೆಗೆ ಸೇರಿಸಿ, ತಿಂದ ಹುಳ ಸಾಯೋ ಹಾಗೆ ಮಾಡಿದ ತಳಿ ಅದು. 2009ರ ಅಕ್ಟೋಬರಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಆಗ ಪರಿಸರ ಮಂತ್ರಿ ಆಗಿದ್ದ ಜೈರಾಂ ರಮೇಶ್ ಏಳು ಊರುಗಳಲ್ಲಿ ಸಭೆ ಕರೆದು ಜನರ ಮಾತು ಕೇಳಿದರು. ಬೆಂಗಳೂರಿನ ಸಭೆ 2010ರ ಫೆಬ್ರವರಿ 6ಕ್ಕೆ. ಮೂರು ದಿನ ಬಿಟ್ಟು, 9ನೇ ತಾರೀಕು, ಸದ್ಯಕ್ಕೆ ಬೇಡ ಅಂತ ತಡೆ ಹಾಕಿದರು. ಬಾಂಗ್ಲಾದೇಶದಲ್ಲಿ 2014ರಿಂದ ರೈತರು ಅದನ್ನ ಬೆಳೀತಿದ್ದಾರೆ. ಔಷಧಿ ಖರ್ಚು ಕಮ್ಮಿ ಆಯ್ತು ಅನ್ನೋ ಮಾತೂ ಇದೆ, ನಾಟಿ ತಳಿಗಳ ಗತಿ ಏನು ಅನ್ನೋ ಮಾತೂ ಇದೆ. ಔಷಧಿ ಡಬ್ಬ ಹಿಡಿದು ನಿಂತಿದ್ದ ನನಗೆ ಎರಡೂ ಕಡೆ ಅರ್ಥ ಆಗ್ತದೆ. ಒಂದಂತೂ ನಿಜ. ಆ ತಳಿ ಮಾಡೋಕೂ ನಮ್ಮ ರಾಜ್ಯದ ನಾಟಿ ಬದನೆಗಳೇ ಬೇಕಾಗಿದ್ದವು, ಉಡುಪಿ ಕಡೆಯ ಗುಳ್ಳವೂ ಅದರಲ್ಲಿತ್ತು. ಎಷ್ಟು ದೊಡ್ಡ ವಿಜ್ಞಾನಿಯಾದರೂ ಯಾರೋ ಅಜ್ಜಿ ಬೂದಿ ಕಲಸಿ ಇಟ್ಟ ಬೀಜದಿಂದಲೇ ಶುರು ಮಾಡಬೇಕು.

ಉಡುಪಿ ಹತ್ರದ ಮಟ್ಟು ಊರಿನವರು ತಮ್ಮ ಗುಳ್ಳವನ್ನ ಬಿಡಲಿಲ್ಲ. ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಅನ್ನೋ ನಂಬಿಕೆ ಅವರದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಸಿಕ್ತು. ನಮ್ಮ ಸೀಮೆ ಹೆಸರು ಹೇಳೋಕೆ ತಿಪಟೂರು ಕೊಬ್ಬರಿ ಇದೆ ನಿಜ. ಆದರೆ ಆ ಕೊಬ್ಬರಿ ಜೊತೆ ಬೇಯ್ತಿದ್ದ ಬದನೆ ಯಾವುದು ಅಂದ್ರೆ ನಾವು ಬಾಯಿ ಬಾಯಿ ಬಿಡ್ತೀವಿ.

ಎರಡು ವರ್ಷದ ಹಿಂದೆ ಅವ್ವನ ತವರೂರಲ್ಲಿ ಒಂದು ತಿಥಿಗೆ ಹೋಗಿದ್ದೆ. ಕೈ ತೊಳೆಯೋಕೆ ಹಿತ್ಲಿಗೆ ಹೋದರೆ ಬಚ್ಚಲ ನೀರು ಹರಿಯೋ ಕಡೆ ಮೂರು ಬದನೆ ಗಿಡ. ಹಸಿರು ಮೈ, ಬಿಳಿ ಗೀರು, ಮುಳ್ಳು ತೊಟ್ಟು. ಅಲ್ಲೇ ಕೂತುಬಿಟ್ಟೆ. ಸೋದರತ್ತೆ "ಅದೇನೋ, ನಿಮ್ಮವ್ವ ತಗೊಂಡು ಹೋಗಿದ್ದೂ ಇದೇ ಕಣೋ" ಅಂದರು. ಒಂದು ಹಣ್ಣು ಕಾಯಿ ಕೇಳಿ ತಂದೆ. ಈಗ ಹಿತ್ಲಲ್ಲಿ ಹನ್ನೊಂದು ಗಿಡ ಇವೆ. ಮಗಳು ಪಾಸ್ತಾಗೆ ಕಿತ್ತಿದ್ದು ಅದನ್ನೇ.

ಹುಳ ಇದಕ್ಕೂ ಬರ್ತದೆ, ಬರಲ್ಲ ಅಂತ ಸುಳ್ಳು ಹೇಳಲ್ಲ. ವಾರಕ್ಕೊಂದು ಸಲ ಬಾಡಿದ ಕುಡಿಗಳನ್ನ ಒಂದು ಇಂಚು ಕೆಳಗೆ ಚಿವುಟಿ, ತೂತು ಬಿದ್ದ ಕಾಯಿ ಆರಿಸಿ, ಎರಡನ್ನೂ ಸುಟ್ಟು ಹಾಕ್ತೀನಿ. ತಿಪ್ಪೆಗೆ ಎಸೆದರೆ ಹುಳ ಚಿಟ್ಟೆಯಾಗಿ ಮತ್ತೆ ಬರ್ತದೆ. ಒಂದು ಮೋಹಕ ಬಲೆ ಕಟ್ಟಿದ್ದೀನಿ. ಹತ್ತು ಕಾಯಲ್ಲಿ ಎರಡು ಮೂರು ಹೋಗ್ತವೆ, ಮನೆಗೆ ಅದು ನಷ್ಟ ಅಲ್ಲ. ಬೀಜಕ್ಕೆ ಬಿಡೋರು ಪಕ್ಕದಲ್ಲಿ ಬೇರೆ ಬದನೆ ಹಾಕಬೇಡಿ. ಹೂವು ಹೆಚ್ಚಾಗಿ ತನ್ನಷ್ಟಕ್ಕೆ ತಾನೇ ಕಾಯಿ ಕಟ್ತದೆ, ಆದರೂ ಜೇನು ದುಂಬಿ ಸ್ವಲ್ಪ ಬೆರಕೆ ಮಾಡ್ತವೆ.

ಮೊಮ್ಮಗ ಮುಂದೆ ಪಾಸ್ತಾ ತಿಂತಾನೋ, ಇನ್ನೇನು ಹೊಸದು ಬರ್ತದೋ, ಬರಲಿ. ಮೆಣಸಿನಕಾಯಿಗೆ ಜಾಗ ಕೊಟ್ಟ ಮಡಕೆ ಅದಕ್ಕೂ ಕೊಡ್ತದೆ.

ಈ ಸಲ ನಾಲ್ಕು ಕಾಯಿ ಬೀಜಕ್ಕೆ ಬಿಟ್ಟಿದ್ದೀನಿ. ಬೇಕಾದವರು ಸಂಕ್ರಾಂತಿ ಆದಮೇಲೆ ಬನ್ನಿ, ಒಂದೊಂದು ಚಿಟಿಕೆ ಕೊಡ್ತೀನಿ, ದುಡ್ಡು ಬೇಡ. ನಿಮ್ಮನೇಲಿ, ನಿಮ್ಮ ಅತ್ತೆ ಮನೇಲಿ, ತವರಲ್ಲಿ ಹಳೇ ಬದನೆ ಏನಾದ್ರೂ ಉಳಿದಿದ್ರೆ ಒಂದು ಕಾಯಿ ಹಣ್ಣಾಗೋಕೆ ಬಿಡಿ. ಒಬ್ಬನ ಹತ್ರನೇ ಇದ್ದರೆ ಒಂದು ಸುಣ್ಣಕ್ಕೆ ಹೋಗಿಬಿಡ್ತದೆ, ನಾನೇ ನೋಡಿದ್ದೀನಿ.