ಶುಗರ್ ಜೊತೆ ಬಿಪಿಯೂ ಇದೆಯೇ? ಕಣ್ಣಿಗೆ ಎದುರಾಗುವ ಅಪಾಯವೇನು? ಕಾಶಿ ಯಾತ್ರೆಗೆ ಹೊರಡುವ ಮುನ್ನ ತಿಳಿದುಕೊಳ್ಳಿ

ವಾರಾಣಸಿಯ ಮಣಿಕರ್ಣಿಕಾ ಘಾಟ್‌ಗೆ ಕರ್ನಾಟಕದಿಂದ ಹೋಗುವ ಯಾತ್ರಿಕರಲ್ಲಿ ಹಿರಿಯರೇ ಹೆಚ್ಚು. ಅವರಲ್ಲಿ ಅನೇಕರಿಗೆ ಮಧುಮೇಹ, ರಕ್ತದೊತ್ತಡ ಎರಡೂ ಇರುತ್ತವೆ. ಇವೆರಡೂ ಸೇರಿದರೆ ಕಣ್ಣಿಗೆ ಹಾನಿ ಬೇಗ ಆಗುತ್ತದೆ.

ಹಾನಿ ಆಗುವುದು ಹೇಗೆ?

ರಕ್ತದಲ್ಲಿ ಸಕ್ಕರೆ ಅಂಶ ಬಹುಕಾಲ ಹೆಚ್ಚಿದ್ದರೆ ಕಣ್ಣಿನ ಒಳಪರದೆಯಾದ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳ ಗೋಡೆ ದುರ್ಬಲವಾಗುತ್ತದೆ. ಇದೇ ಡಯಾಬಿಟಿಕ್ ರೆಟಿನೋಪಥಿ. ಈ ನಾಳಗಳ ಮೇಲೆ ಬಿಪಿಯ ಒತ್ತಡವೂ ಬಿದ್ದರೆ ದ್ರವ, ರಕ್ತ ಸೋರುವುದು ಹೆಚ್ಚುತ್ತದೆ. ದೃಷ್ಟಿಯ ಕೇಂದ್ರಭಾಗ ಊದಿಕೊಂಡರೆ ಓದುವುದು, ಮುಖ ಗುರುತಿಸುವುದು ಕಷ್ಟ. ನಾಳಗಳು ಮುಚ್ಚಿಹೋದಾಗ ಹೊಸದಾಗಿ ಹುಟ್ಟುವ ನಾಳಗಳು ಬಲಹೀನವಾಗಿದ್ದು, ಒಡೆದು ಕಣ್ಣೊಳಗೆ ರಕ್ತಸ್ರಾವವಾಗಬಹುದು.

ಬಿಪಿ ಇಳಿಸಿದರೆ ಲಾಭವಿದೆಯೇ?

ಇದೆ. ಟೈಪ್-2 ಮಧುಮೇಹ ಮತ್ತು ಬಿಪಿ ಇದ್ದ 1,148 ಮಂದಿಯ ಮೇಲೆ ಬ್ರಿಟನ್‌ನಲ್ಲಿ ನಡೆದ ಯುಕೆಪಿಡಿಎಸ್ ಅಧ್ಯಯನದ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಸರಾಸರಿ ಬಿಪಿ 144/82, ಇನ್ನೊಂದರದ್ದು 154/87 ಇತ್ತು. ಬಿಪಿ ಕಡಿಮೆ ಇದ್ದ ಗುಂಪಿನಲ್ಲಿ ರೆಟಿನೋಪಥಿ ಉಲ್ಬಣಿಸುವ ಅಪಾಯ ಶೇ. 34ರಷ್ಟು, ದೃಷ್ಟಿ ಗಣನೀಯವಾಗಿ ಕುಂದುವ ಅಪಾಯ ಶೇ. 47ರಷ್ಟು ಕಡಿಮೆಯಾಯಿತು.

ಹಾಗೆಂದು ಬಿಪಿಯನ್ನು ಅತಿಯಾಗಿ ಇಳಿಸಬೇಕಿಲ್ಲ. 2010ರ ಅಕಾರ್ಡ್ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗಿಳಿಸಿದ್ದರಿಂದ ರೆಟಿನೋಪಥಿ ತಡೆಯುವಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಸಾಮಾನ್ಯವಾಗಿ 130/80ಕ್ಕಿಂತ ಕಡಿಮೆ ಇರಬೇಕೆಂಬ ಸಲಹೆಯಿದೆ. ನಿಮ್ಮ ಗುರಿ ಎಷ್ಟೆಂದು ವೈದ್ಯರೇ ನಿರ್ಧರಿಸಬೇಕು.

ಪರೀಕ್ಷೆ ಯಾವಾಗ?

ಆರಂಭದಲ್ಲಿ ನೋವಾಗಲಿ, ಮಂಜಾಗಲಿ ಇರುವುದಿಲ್ಲ. ಹಾಗಾಗಿ ಟೈಪ್-2 ಪತ್ತೆಯಾದ ಕೂಡಲೇ, ಟೈಪ್-1 ಆದರೆ ಐದು ವರ್ಷದೊಳಗೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿ. ನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಗಳಲ್ಲೂ ಪರೀಕ್ಷೆ ಮಾಡಿಸಬಹುದು. ಅಗತ್ಯವಿದ್ದವರಿಗೆ ಲೇಸರ್, ಕಣ್ಣಿನ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆ ಇದೆ. ಕಳೆದುಹೋದ ದೃಷ್ಟಿ ಪೂರ್ತಿ ಮರಳುವುದು ಮಾತ್ರ ಖಚಿತವಲ್ಲ.

ಯಾತ್ರಿಕರು ಗಮನಿಸಿ

* ಬಿಪಿ, ಶುಗರ್ ಮಾತ್ರೆಗಳನ್ನು ಲಗೇಜಿನಲ್ಲಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪ್ರಯಾಣದ ನೆಪದಲ್ಲಿ ಒಂದು ಹೊತ್ತೂ ತಪ್ಪಿಸಬೇಡಿ.
* ಉಪವಾಸ ಮಾಡುವುದಿದ್ದರೆ ಮೊದಲೇ ವೈದ್ಯರನ್ನು ಕೇಳಿ. ಶುಗರ್ ಕುಸಿಯುವ ಅಪಾಯವಿದೆ.
* ರೆಟಿನೋಪಥಿ ಇರುವವರಿಗೆ ಮಬ್ಬುಗತ್ತಲಲ್ಲಿ ಮೆಟ್ಟಿಲುಗಳ ಅಂಚು ಸರಿಯಾಗಿ ಕಾಣದಿರಬಹುದು. ಘಾಟ್‌ಗಳಲ್ಲಿ ಒಬ್ಬರ ಕೈ ಹಿಡಿದೇ ಇಳಿಯಿರಿ.
* ಕಣ್ಣ ಮುಂದೆ ದಿಢೀರನೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಎಳೆದಂತಾದರೆ, ಊರಿಗೆ ಮರಳುವವರೆಗೆ ಕಾಯದೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.